ಕಾಡಿಗೆ ಬೊಟ್ಟಿನ ಚೀಟಿಗಳು

ಮೊನ್ನೆ ಕುಕ್ಕರಿಗೆ ಹೊಸ ರಿಂಗ್ ಬಂತು. ನಿಮ್ಮ ಅಮ್ಮ ಅದನ್ನು ಕಟ್ಟೆಯ ಮೇಲಿಟ್ಟು ಅಕ್ಕಿ ತೊಳೆಯಲು ತಿರುಗಿದ್ದೇ ತಡ, ನಾನು ಎತ್ತಿಕೊಂಡು ಕಿಟಕಿಗೆ ಹೋದೆ. ಎರಡೂ ಹೆಬ್ಬೆರಳು ಒಳಗೆ ತೂರಿಸಿ, ಮೆಲ್ಲಗೆ ಹಿಗ್ಗಿಸಿ, ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದೆ. ಆಮೇಲೆ ಮಗ್ಗುಲು ಬದಲಿಸಿ ಇನ್ನೊಂದು ಸುತ್ತು. ನಿಮ್ಮಿಬ್ಬರಲ್ಲಿ ಅಥರ್ವ ನೋಡುತ್ತ ನಿಂತಿದ್ದ. "ಆಜಿ, ಕಾಯ್ ಬಘತೇಸ್?" ಎಂದ. ಏನು ನೋಡುತ್ತಿದ್ದೀ ಎಂಬ ಅಷ್ಟು ಸಣ್ಣ ಪ್ರಶ್ನೆಗೆ ನನ್ನ ಹತ್ತಿರ ಸಣ್ಣ ಉತ್ತರ ಇರಲಿಲ್ಲ. ಅಜ್ಜಿ ನನ್ನ ಜಡೆಯ ರಬ್ಬರನ್ನೂ ಹೀಗೇ ನೋಡುತ್ತಾಳೆ, ಹೂವಿನ ಪೊಟ್ಟಣದ ರಬ್ಬರನ್ನೂ ಬಿಡುವುದಿಲ್ಲ ಎಂದು ಅನ್ವಿ ಚಾಡಿ ಹೇಳಿದಳು. ನಾನು ನಾಚಿಕೊಂಡು ರಿಂಗನ್ನು ನಿಮ್ಮ ಅಮ್ಮನ ಕೈಗೆ ಕೊಟ್ಟು ದೇವರ ಮನೆಗೆ ಹೋಗಿಬಿಟ್ಟೆ.

ಅದೇ ವಾರ ನಿಮ್ಮ ಅಮ್ಮ ಚಿಕಲಠಾಣಾದ ತನ್ನ ಆಫೀಸಿನಿಂದ ಒಂದು ಹೊಸ ಡೈರಿ ಹಿಡಿದು ಬಂದಳು. ಯಾರೋ ತಜ್ಞರು ಬಂದು ದಿನವಿಡೀ ಪಾಸಿಟಿವ್ ಸೈಕಾಲಜಿ ಎಂಬ ಪಾಠ ಮಾಡಿದರಂತೆ. ಕೆಲಸದಲ್ಲಿ ಚೆನ್ನಾಗಿ ನಡೆದದ್ದನ್ನು ದಿನಾ ಬರೆಯಬೇಕು, ಜೊತೆಯವರ ಗುಣ ಗುರುತಿಸಿ ಹೇಳಬೇಕು, ಆಗ ಮನಸ್ಸೂ ಕೆಲಸವೂ ಹಗುರಾಗುತ್ತವೆ ಎಂದು ಅವಳು ಚಹಾ ಸೋಸುತ್ತ ಹೇಳುತ್ತಿದ್ದರೆ ನಾನು ಹತ್ತಿರ ಸರಿದು ನಿಂತೆ. ಅಯ್ಯೋ, ಇದು ನನಗೆ ಗೊತ್ತು. ಇದನ್ನು ನಾನು ಮಾಡಿದ್ದೇನೆ. ಸಿನ್ನರಿನಲ್ಲಿ, ರಬ್ಬರಿನ ವಾಸನೆಯ ನಡುವೆ, ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಮಾಡಿದ್ದೇನೆ. ಹೀಗೆ ಹೇಳಬೇಕೆಂದು ಬಾಯಿ ತೆರೆದೆ. "ಸಕ್ಕರೆ ಕಡಿಮೆ ಹಾಕವ್ವ" ಎಂದು ಬಂತು.

ಅದಕ್ಕೇ ಬರೆಯುತ್ತಿದ್ದೇನೆ. ಎದುರಿಗೆ ಇಬ್ಬರು ಕೂತು ಕೇಳುತ್ತಾರೆ ಎಂದರೆ ನನ್ನ ಬಾಯಿಗೆ ಹೀಗೇ ಬೇರೆ ಮಾತು ಬರುತ್ತದೆ, ಆ ಇಬ್ಬರು ಮೊಮ್ಮಕ್ಕಳೇ ಆದರೂ. ನಿಮಗೆ ಕನ್ನಡ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ನಿಮ್ಮ ಅಪ್ಪ ಓದಿ ಹೇಳಲಿ, ಅವನಿಗೆ ಕನ್ನಡ ಅಕ್ಷರ ನಾನೇ ಮನೆಯಲ್ಲಿ ಕಲಿಸಿದ್ದೇನೆ. ತನ್ನ ವಿಷಯ ಬಂದಲ್ಲಿ ಅವನು ಹಾರಿಸಿದರೆ ಹಿಡಿಯಿರಿ.

ಈಗ ಸಂಭಾಜಿನಗರ ಎನ್ನುವ ಈ ಊರಿಗೆ (ನನ್ನ ಬಾಯಿಗೆ ಇನ್ನೂ ಔರಂಗಾಬಾದೇ) ಬರುವ ಮುಂಚೆ ನಾವು ನಾಸಿಕ್ ರೋಡಿನಲ್ಲಿದ್ದೆವು. ನಿಮ್ಮ ಮುತ್ಯಾ, ನನ್ನ ಗಂಡ, ಸಿನ್ನರಿನ ಒಂದು ರಬ್ಬರ್ ಕಂಪನಿಯಲ್ಲಿ ರಬ್ಬರನ್ನು ಅಚ್ಚಿಗೆ ಒತ್ತುವ ಪ್ರೆಸ್ ನಡೆಸುತ್ತಿದ್ದರು. ಮೋಟಾರು ಗಾಡಿಗಳ ಪಂಪಿನೊಳಗೆ ಎಣ್ಣೆ ಸೋರದಂತೆ ಕೂರಿಸುವ ಸಣ್ಣ ಸಣ್ಣ ರಬ್ಬರ್ ರಿಂಗುಗಳು ಅಲ್ಲಿ ತಯಾರಾಗುತ್ತಿದ್ದವು. ಒಂದು ಚಳಿಗಾಲ ಅವರು ಎದೆನೋವು ಬಂದು ಹೋಗಿಬಿಟ್ಟರು. ಕಂಪನಿಯವರು ನನ್ನನ್ನು ಕರೆಸಿ, ರಿಂಗು ತಪಾಸಣೆ ಮಾಡುವ ಮೇಜಿಗೆ ಒಂದು ವರ್ಷದ ಕಾಗದ ಕೊಟ್ಟರು. ವರ್ಷ ಮುಗಿದ ಮೇಲೆ ಕೆಲಸ ನೋಡಿ ಕಾಯಂ, ಇಲ್ಲವಾದರೆ ಮನೆಗೆ. ಮನೆಗೆ ಎಂದರೆ ನಮಗೆ ನಾಸಿಕ್ಕಿನ ಮನೆಯೂ ಅಲ್ಲ. ಭಾಲ್ಕಿ ಕಡೆಯ ಹಳ್ಳಿಯಲ್ಲಿ ನನ್ನ ಅಣ್ಣನ ಮನೆ. ನಿಮ್ಮ ಅಪ್ಪ ಆಗ ಮರಾಠಿ ಶಾಲೆಯಲ್ಲಿ ಹತ್ತನೆಯ ಇಯತ್ತೆ. ಅವನನ್ನು ನಡುವೆ ಕಿತ್ತು ಅಲ್ಲಿಗೆ ಕರೆದೊಯ್ಯಬೇಕಾದೀತು ಎಂಬುದನ್ನು ನಾನು ಅವನಿಗೆ ಹೇಳಿರಲಿಲ್ಲ. ಮೇಜಿನ ಹೆಂಗಸರಿಗೆ ಮಾತ್ರ ಎಲ್ಲ ಗೊತ್ತಿತ್ತು. ನಾನು ಹೇಳಿದ್ದಲ್ಲ. ಕಂಪನಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತವರಿಂದ ಏನನ್ನೂ ಬಹಳ ದಿನ ಮುಚ್ಚಿಡಲು ಬರುವುದಿಲ್ಲ.

ಮೇಜಿಗೆ ಎಂಟು ಜನ. ತಲೆಯ ಮೇಲೆ ಉದ್ದನೆಯ ಟ್ಯೂಬ್‌ಲೈಟು. ಎಡಗೈ ಕಡೆ ರಿಂಗುಗಳ ರಾಶಿ, ಮುಂದೆ ನೀಲಿ ಟ್ರೇ, ಬಲಕ್ಕೆ ಕೆಂಪು ಡಬ್ಬಿ. ರಿಂಗನ್ನು ಹಿಗ್ಗಿಸಿ ತಿರುಗಿಸಬೇಕು. ಕೂದಲೆಳೆಯಷ್ಟು ಸೀಳು, ಸಾಸಿವೆಯಷ್ಟು ಗುಳ್ಳೆ, ಅಂಚಿನಲ್ಲಿ ಉಳಿದ ಹೆಚ್ಚಿನ ರಬ್ಬರು, ಏನು ಕಂಡರೂ ಕೆಂಪು ಡಬ್ಬಿಗೆ. ನಾನು ಬೇಗ ಕಲಿತೆ. ಕಲಿಯುವುದೇನು, ನನ್ನ ಅವ್ವ ಐದನೆಯ ವಯಸ್ಸಿಗೇ ಮೊರದ ಮುಂದೆ ಕೂರಿಸಿ ತೊಗರಿಬೇಳೆಯಲ್ಲಿ ಹರಳು ಹುಡುಕಲು ಹಚ್ಚಿದ್ದಳು. ನಮ್ಮ ಹಳ್ಳಿಯ ಶಾಲೆಯ ಮಾಸ್ತರರೂ ಪಾಟಿಯ ಮೇಲೆ ಸರಿ ಬರೆದದ್ದನ್ನು ಯಾವತ್ತೂ ನೋಡಿದವರಲ್ಲ. ತಪ್ಪಿದ ಅಕ್ಷರದ ಮೇಲೆ ಬೆರಳಿಟ್ಟು ಕಿವಿ ಹಿಡಿಯುತ್ತಿದ್ದರು. ಏಳನೆಯ ತರಗತಿವರೆಗೆ ಅಲ್ಲಿ ಓದಿ ಬಂದವಳಿಗೆ ಕೆಂಪು ಡಬ್ಬಿ ಹೊಸದೇನಲ್ಲ.

ಒಂದು ತೊಂದರೆ ಮಾತ್ರ ಆಯಿತು. ದಿನಕ್ಕೆ ಸಾವಿರಾರು ರಿಂಗು ನೋಡಿ ಮನೆಗೆ ಬಂದರೂ ಕಣ್ಣು ಕೆಲಸ ಬಿಡುತ್ತಿರಲಿಲ್ಲ. ರೊಟ್ಟಿಯ ಅಂಚು ಸೀಳಿದ್ದು, ನಿಮ್ಮ ಅಪ್ಪನ ಅಂಗಿಯ ಗುಂಡಿ ವಾರೆಯಾದದ್ದು, ಪಕ್ಕದ ಮನೆಯ ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದ್ದು, ಎಲ್ಲವೂ ಮೊದಲಿಗೇ ಕಾಣುತ್ತಿದ್ದವು. ಬಾಯಿ ಬಿಟ್ಟು ಹೇಳುವವಳಲ್ಲ ನಾನು. ಆದರೆ ಮನಸ್ಸಿನ ಕೆಂಪು ಡಬ್ಬಿ ಸಂಜೆಯೊಳಗೆ ತುಂಬಿರುತ್ತಿತ್ತು.

ನನ್ನ ವರ್ಷ ಮುಗಿಯಲು ಒಂದೂವರೆ ತಿಂಗಳಿದ್ದಾಗ ಪುಣೆಯಿಂದ ಜೋಶಿ ಮೇಡಂ ಬಂದರು. ಕಂಪನಿಯ ಹೊಸ ಎಚ್‌ಆರ್. ಸಣ್ಣ ದೇಹ, ದೊಡ್ಡ ಚೀಲ, ನಡೆಯುವುದೆಂದರೆ ಅರ್ಧ ಓಟ. ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಮಾತಾಡಿದರು. ಅವರೂ ಉಳಿದವರೂ ಮಾತಾಡಿದ್ದೆಲ್ಲ ಮರಾಠಿಯಲ್ಲಿ. ನನ್ನ ಕಿವಿಯೊಳಗೆ ಇಳಿಯುವಷ್ಟರಲ್ಲಿ ಅದು ನಮ್ಮ ಕಡೆಯ ಕನ್ನಡವಾಗಿರುತ್ತಿತ್ತು, ಹಾಗೇ ಬರೆಯುತ್ತೇನೆ.

"ಮನಸ್ಸಿನ ಶಾಸ್ತ್ರ ಇಷ್ಟು ದಿನ ರೋಗಾನೇ ನೋಡ್ತಿತ್ತು" ಎಂದರು ಮೇಡಂ. "ಯಾರಿಗೆ ಭಯ, ಯಾರಿಗೆ ದುಃಖ ಅಂತ. ಈಗ ದೊಡ್ಡ ದೊಡ್ಡ ವಿದ್ವಾಂಸರು ಇನ್ನೊಂದು ಕೇಳ್ಲಾಕತ್ತಾರ. ಮನುಷ್ಯಾರೊಳಗ ಗಟ್ಟಿ ಏನದ? ಚಲೋ ಏನದ? ನಿಮ್ಮ ಮೇಜಿನ ಮ್ಯಾಲೆ ಕೆಂಪು ಡಬ್ಬಿಗಿ ಲೆಕ್ಕ ಅದ, ಪುಸ್ತಕ ಅದ. ನೀಲಿ ಟ್ರೇ ಬಗ್ಗೆ ಯಾರಾರ ಒಂದು ಮಾತು ಬರದೀರೇನು?"

ಅಷ್ಟು ದಿನ ಆ ಮೇಜಿನ ಮುಂದೆ ಕೂತಿದ್ದೆ, ಈ ಪ್ರಶ್ನೆ ನನಗೆ ಯಾಕೆ ಹೊಳೆಯಲಿಲ್ಲ?

ಮೊದಲ ಕೆಲಸ, ಇವತ್ತು ಚೆನ್ನಾಗಿ ನಡೆದ ಮೂರು ಸಂಗತಿ ಬರೆಯುವುದು. ನಮ್ಮಲ್ಲಿ ಹಿರಿಯಳಾದ ಸಖೂಬಾಯಿ ನಾಲಿಗೆ ಹೊರಗೆ ಹಾಕಿ ಕಷ್ಟಪಟ್ಟು ಬರೆದು ಕೊಟ್ಟಳು. ಮೇಡಂ ಗಟ್ಟಿಯಾಗಿ ಓದಿದರು: ಇವತ್ತು ಬಸ್ಸು ಕೆಡಲಿಲ್ಲ. ಪವಾರ್ ಸಾಹೇಬರು ಬೈಯಲಿಲ್ಲ. ಮಂಡಿ ನೋಯಲಿಲ್ಲ.

"ಸಖೂಬಾಯಿ, ಆಗಲಾರದ್ದು ಬ್ಯಾಡ. ಆಗಿದ್ದು ಬರೀರಿ."

"ಆಗಲಿಲ್ಲ ಅನ್ನೂದೇ ಆಗಿದ್ದು ಮೇಡಂ" ಎಂದಳು ಸಖೂಬಾಯಿ. "ನಮ್ಮ ಪಾಲಿಗಿ ಅದೇ ಹಬ್ಬ."

ಉಳಿದ ಏಳು ಚೀಟಿಗಳೂ ಹಾಗೇ ಇದ್ದವು. ನನ್ನದೂ. ಮೇಡಂ ಎಲ್ಲ ಓದಿ ನಗತೊಡಗಿದರು. ಮರುದಿನ ದಾರಿ ಬದಲಿಸಿದರು. ಕೈತೊಳೆಯುವ ನಳದ ಪಕ್ಕ ಬಟ್ಟೆ ಹೊದಿಸಿದ ಒಂದು ಹಲಗೆ ಬಂತು. ಹಳದಿ ಚೀಟಿ, ಗುಂಡುಪಿನ್ನು. ಮನೆಗೆ ಹೊರಡುವ ಮುಂಚೆ ಪ್ರತಿಯೊಬ್ಬರೂ ಜೊತೆಯವರ ಕೆಲಸದಲ್ಲಿ ಕಂಡ ಒಂದು ಒಳ್ಳೆಯದನ್ನು ಬರೆದು ಚುಚ್ಚಬೇಕು. ‘ಒಳ್ಳೆಯವಳು’ ಎಂದು ಬರೆದರೆ ನಡೆಯುವುದಿಲ್ಲ. ಏನು ಮಾಡಿದಳು, ಹೇಗೆ ಮಾಡಿದಳು ಎಂದು ಬರೆಯಬೇಕು. ತಿಂಗಳ ಕೊನೆಗೆ ಯಾರ ಬಗ್ಗೆ ಏನೇನು ಬಂದಿದೆ ಎಂದು ಮ್ಯಾನೇಜರ್ ಸಾಹೇಬರೂ ನೋಡುತ್ತಾರೆ; ಕಾಯಂ ಆಗಬೇಕಾದವರ ಹಾಳೆಯಲ್ಲಿ ಅದಕ್ಕೊಂದು ಜಾಗ ಇದೆ.

ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ನನ್ನ ಕಣ್ಣು ನೆಲಕ್ಕೆ ತಿರುಗಿತು.

ಇಲ್ಲಿ ಕುಂಬಳಕಾಯಿಯ ವಿಷಯ ಹೇಳದೆ ಮುಂದೆ ಹೋಗಲು ಬರುವುದಿಲ್ಲ. ನನಗೆ ಎಂಟು ವರ್ಷ. ಪಕ್ಕದ ಮನೆಯ ನೀಲವ್ವ ಕಾಕು ಕೊಟ್ಟಿಗೆಯ ಮೇಲೆ ಕುಂಬಳಬಳ್ಳಿ ಹಬ್ಬಿಸಿದ್ದಳು. ಒಂದು ಕಾಯಿ ನನ್ನ ತಬ್ಬಿಗೆ ಸಿಗದಷ್ಟು ದೊಡ್ಡದಾಗಿತ್ತು. ನಾನು ಓಡಿಹೋಗಿ, "ಕಾಕು, ನಿನ್ನ ಕಾಯಿ ಎಷ್ಟ್ ಚಲೋ ಅದ, ಊರಾಗ ಎಲ್ಲೂ ಇಲ್ಲ" ಎಂದೆ. ಮನಸ್ಸಿನಿಂದ ಹೇಳಿದ್ದು. ಮಾರನೆಯ ಬೆಳಗ್ಗೆ ಅವಳ ಕರು ಹಗ್ಗ ಬಿಚ್ಚಿಕೊಂಡು ಬಳ್ಳಿಯನ್ನು ಬುಡದಿಂದ ತಿಂದು ಹಾಕಿತ್ತು. ಕರುವಿಗೆ ಯಾರೂ ಏನೂ ಅನ್ನಲಿಲ್ಲ. ಕಾಕು ಬಂದು, ಅಂಗಳದಲ್ಲಿ ನಿಂತಿದ್ದ ನನ್ನ ಕಾಲ ಕೆಳಗಿನ ಮಣ್ಣನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಹೋಗಿ, ಉಪ್ಪು ಮೆಣಸಿನಕಾಯಿಯ ಜೊತೆ ಒಲೆಗೆ ಹಾಕಿದಳು. ಘಾಟು ನಮ್ಮ ಮನೆವರೆಗೂ ಬಂತು. "ಈ ಪೋರಿ ಕಣ್ಣು ಚಲೋ ಅಲ್ಲ" ಎಂಬ ಮಾತು ಓಣಿ ತುಂಬ ಆಯಿತು. ಕೂಸು ಇರುವ ಮನೆಗೆ ಹೋದರೆ ನನ್ನನ್ನು ಕಂಡು ಸೆರಗು ಮುಚ್ಚಿದವರಿದ್ದರು. ಅಂದಿನಿಂದ ಯಾರ ಯಾವ ಒಳ್ಳೆಯದನ್ನೂ ನಾನು ಬಾಯಿ ಬಿಟ್ಟು ಹೇಳಿದ್ದಿಲ್ಲ. ನಿಮ್ಮ ಮುತ್ಯಾನ ಮುಖಕ್ಕೂ ಹೇಳಲಿಲ್ಲ. ಜನ ಅದನ್ನು ನಾಚಿಕೆ ಎಂದುಕೊಂಡರು. ಅರ್ಧ ನಾಚಿಕೆ, ಅರ್ಧ ಕುಂಬಳಕಾಯಿ.

ಅಂಥವಳ ಕೈಗೆ ಚೀಟಿ ಕೊಟ್ಟು ದಿನಾ ಒಬ್ಬರನ್ನು ಹೊಗಳು ಎಂದರೆ?

ಐದು ದಿನ ಖಾಲಿ ಚೀಟಿ ಚುಚ್ಚಿದೆ. ಆರನೆಯ ದಿನ ಮೇಲ್ವಿಚಾರಕರಾದ ಪವಾರ್ ಸಾಹೇಬರು ಮೇಜಿನ ಹತ್ತಿರ ಬಂದು ನಿಂತರು. ಅವರ ಕಂಕುಳಲ್ಲಿ ಯಾವಾಗಲೂ ಒಂದು ದಪ್ಪ ಪುಸ್ತಕ. ಯಾರ ಟ್ರೇಯಲ್ಲಿ ಕೆಟ್ಟ ರಿಂಗು ದಾಟಿಹೋಗಿದೆ ಎಂದು ಬರೆದುಕೊಳ್ಳುವುದಕ್ಕೆ.

"ಗಿರಿಜಾಬಾಯಿ, ನಿಮ್ಮ ಪೆನ್ ನಡೆಯಂಗಿಲ್ಲೇನು?"

"ನಡೀತದ ಸಾಹೇಬ್."

"ಮತ್ತ ಬರೀರಲಾ. ಖಾಲಿ ಚೀಟಿ ನೋಡಿ ಮ್ಯಾಲಿನವರು ಈಕಿಗಿ ಮಂದಿ ಜೋಡಿ ಕೆಲಸ ಮಾಡ್ಲಿಕ್ಕಿ ಬರಂಗಿಲ್ಲ ಅಂತಾರ. ನಿಮ್ಮ ಕಾಗದ ಮುಗೀಲಾಕತ್ತದ, ನೆನಪದ ಇಲ್ಲ?"

ನೆನಪಿಲ್ಲದೆ ಏನು. ಅಂದು ಸಂಜೆ, ನಿಮ್ಮ ಅಪ್ಪನ ಪುಸ್ತಕ ನೋಡಿ ಕಲಿತ ಮರಾಠಿ ಅಕ್ಷರದಲ್ಲಿ ಬರೆದೆ. ನನ್ನ ಎಡಕ್ಕೆ ಕೂರುತ್ತಿದ್ದ ಮಂಗಲಳ ಬಗ್ಗೆ ಬರೆದೆ. ಮಾತಿನಲ್ಲಿ ಮೆಣಸಿನಕಾಯಿ, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಬಗ್ಗೆ ನನಗೊಂದು ಗುಟ್ಟು ಗೊತ್ತಿತ್ತು. ಅವಳು ಸೀಳನ್ನು ಕಣ್ಣಿನಿಂದ ಹುಡುಕುತ್ತಿರಲಿಲ್ಲ. ರಿಂಗು ತಿರುಗುವಾಗ ಉಂಗುರಬೆರಳಿನ ತುದಿಯನ್ನು ಅಂಚಿಗೆ ಸುಮ್ಮನೆ ತಾಗಿಸಿರುತ್ತಿದ್ದಳು. ಬೆರಳು ತಡೆದರೆ ಆಮೇಲೆ ನೋಡುತ್ತಿದ್ದಳು. ‘ಮಂಗಲಳ ಬೆರಳು ಅವಳ ಕಣ್ಣಿಗಿಂತ ಮುಂಚೆ ನೋಡುತ್ತದೆ’ ಎಂದು ಬರೆದು, ಚುಚ್ಚಿ, ಓಡಿಹೋಗಿ ಬಸ್ಸಿನಲ್ಲಿ ಕೂತೆ.

ಮರುದಿನ ಮಂಗಲ ಬಸ್ಸಿಗೆ ಬರಲಿಲ್ಲ. ಅವಳ ಚಾಳಿನ ನಳದ ಹತ್ತಿರ ಕಾಲು ಜಾರಿ ಬಲಗೈ ಮಣಿಕಟ್ಟು ಉಬ್ಬಿದೆಯಂತೆ ಎಂದಳು ಸಖೂಬಾಯಿ. ಕಾಲಿಗಾದರೂ ಅಲ್ಲ; ನಾನು ಹೊಗಳಿದ್ದು ಬೆರಳು, ಪೆಟ್ಟಾದದ್ದು ಅದೇ ಕೈಗೆ.

ಸಂಜೆ ನಾಸಿಕ್ ರೋಡಿನಲ್ಲಿ ಇಳಿದವಳು ಮನೆಗೆ ಹೋಗದೆ ಮಂಗಲಳ ಚಾಳಿಗೆ ಹೋದೆ. ದಾರಿಯ ಅಂಗಡಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಕಟ್ಟಿಸಿಕೊಂಡಿದ್ದೆ. ಅವಳು ಕೈಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು, ತೊಡೆಯ ಮೇಲೆ ಆರು ತಿಂಗಳ ಮಗಳು. ನಾನು ಬಾಗಿಲಲ್ಲೇ ನಿಂತು, ಕುಂಬಳಕಾಯಿಯಿಂದ ಶುರುಮಾಡಿ ಚೀಟಿಯವರೆಗೆ ಒಂದೇ ಉಸಿರಿಗೆ ಹೇಳಿದೆ. ಹುಟ್ಟಿದ ಮೇಲೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ನನ್ನದೇ ಕಣ್ಣು ತಾಗಿದೆ, ದೃಷ್ಟಿ ತೆಗೆದು ಹೋಗುತ್ತೇನೆ ಎಂದೆ.

ಮಂಗಲ ನನ್ನನ್ನೇ ನೋಡಿದಳು. ಆಮೇಲೆ ನಗಲು ಹತ್ತಿದವಳು ಕೈ ನೋವು ಬಂದು "ಅವ್ವಾ" ಎಂದು ನಿಲ್ಲಿಸಿದಳು.

"ನಳದ ಮುಂದ ಪಾಚಿಗಟ್ಟಿ ಎರಡು ವರ್ಷ ಆಯ್ತು. ಅದಕ್ಕೂ ನೀವೇ ಕಾರಣೇನು? ನಿಮ್ಮ ಕಣ್ಣಿಗಿ ಅಷ್ಟು ಶಕ್ತಿ ಇದ್ರ ಒಂದು ಉಪಕಾರ ಮಾಡ್ರಿ ಅಕ್ಕಾ."

"ಏನು?"

"ನಾಳೆ ಹೋಗಿ ಪವಾರ್ ಸಾಹೇಬ್ರನ್ನ ಹೊಗಳ್ರಿ."

ನನಗೂ ನಗು ಬಂತು. ಆದರೂ ಅವಳ ಅತ್ತೆ ಒಳಗಿನಿಂದ, "ನಗೂದೆಲ್ಲ ಇರಲಿ, ಉಪ್ಪು ತಂದೀರಲ್ಲ, ತೆಗದೇ ಹೋಗ್ರಿ" ಎಂದರು. ತೆಗೆದೆ. ಹಾಗೆ ಕೈ ಇಳಿಸುವಾಗ ಮಗುವಿನ ಗಲ್ಲ ಕಂಡಿತು. ದುಂಡನೆಯ ಗಲ್ಲ, ಅದರ ಮೇಲೆ ಒಂದು ಕಾಡಿಗೆ ಬೊಟ್ಟು. ಆ ಬೊಟ್ಟು ಇದೆಯೆಂದೇ ಅದನ್ನು ಬಂದವರೆಲ್ಲ ಎತ್ತಿಕೊಂಡು ಮುದ್ದಿಸುತ್ತಾರೆ, ಬಂಗಾರ ಎನ್ನುತ್ತಾರೆ, ತಾಯಿಗೂ ಭಯವಿಲ್ಲ. ನನ್ನ ತಲೆಯಲ್ಲಿ ಏನೋ ಟಕ್ಕೆಂದಿತು. ನೋಡಿ, ಇದನ್ನು ಬರೆಯುವಾಗಲೂ ನನ್ನ ಕೈ ಬೇಗ ಬೇಗ ಓಡುತ್ತಿದೆ.

ಮರುದಿನ ಡಬ್ಬಿಯ ಚೀಲದಲ್ಲಿ ರೊಟ್ಟಿಯ ಜೊತೆ ಕಾಡಿಗೆಯ ಭರಣಿಯೂ ಹೋಯಿತು. ಸಂಜೆ ಸಖೂಬಾಯಿಯ ಬಗ್ಗೆ ಬರೆದೆ: ಎದ್ದು ಹೋಗುವಾಗ ತನ್ನ ಟ್ರೇಯ ಹಿಡಿಕೆಯನ್ನು ಪಕ್ಕದವಳ ಕಡೆಗೆ ತಿರುಗಿಸಿಟ್ಟು ಹೋಗುತ್ತಾಳೆ, ಆಕೆ ಕೈ ಚಾಚಬೇಕಾಗುವುದಿಲ್ಲ. ಚೀಟಿಯ ಮೂಲೆಗೆ ಕಿರುಬೆರಳಿನಿಂದ ಒಂದು ಬೊಟ್ಟು ಇಟ್ಟು ಚುಚ್ಚಿದೆ. ಸಖೂಬಾಯಿ ಹಿಂದೆಯೇ ನಿಂತಿದ್ದಳು.

"ಅದೇನದು ಕರಿ?"

ಮೆಲ್ಲಗೆ ಹೇಳಿದೆ. ಅವಳು ನಗಲಿಲ್ಲ. ಆಚೀಚೆ ನೋಡಿ, ತನ್ನ ಸಣ್ಣ ಪರ್ಸು ತೆಗೆದು, ಅದರೊಳಗಿಂದ ಮಡಚಿದ ನಾಲ್ಕು ಹಳದಿ ಚೀಟಿ ತೆಗೆದಳು. ನಾಲ್ಕು ದಿನದಿಂದ ಬರೆದಿಟ್ಟದ್ದು. "ನಂಗೂ ಅಂಜಿಕಿ ಇತ್ತು" ಎಂದಳು. "ಒಂದೂ ಚುಚ್ಚಲಿಕ್ಕಿ ಧೈರ್ಯ ಬರಲಿಲ್ಲ, ನಾನೂ ಖಾಲೀದೇ ಚುಚ್ಚೀನಿ. ಕೊಡು ಇಲ್ಲಿ ಭರಣಿ."

ಆಮೇಲೆ ನೋಡಬೇಕಿತ್ತು ನೀವು. ಒಬ್ಬಳು ಕುಪ್ಪಸದಿಂದ, ಒಬ್ಬಳು ಊಟದ ಡಬ್ಬಿಯ ಮುಚ್ಚಳದ ಕೆಳಗಿನಿಂದ, ಒಬ್ಬಳು ಬಸ್ ಪಾಸಿನ ಹಿಂದಿನಿಂದ, ಎಲ್ಲರೂ ಚೀಟಿ ತೆಗೆಯುತ್ತಿದ್ದಾರೆ. ಇಡೀ ಮೇಜಿಗೆ ಮೇಜೇ ಹೊಗಳಿಕೆ ಬರೆದು ಬಚ್ಚಿಟ್ಟುಕೊಂಡು ಓಡಾಡುತ್ತಿತ್ತು. ಭರಣಿ ಕೈಯಿಂದ ಕೈಗೆ ಹೋಯಿತು. ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸೋತ. ಹಲಗೆ ತುಂಬಿ ಗೋಡೆಗೂ ಅಂಟಿಸಿದೆವು.

ಬೆಳಗ್ಗೆ ಜೋಶಿ ಮೇಡಂ ಅದನ್ನು ಕಂಡು ಚೀಲ ಕೆಳಗಿಟ್ಟರು. ಬೊಟ್ಟು ಯಾಕೆಂದು ತಿಳಿದಾಗ ಒಂದು ಕ್ಷಣ ಅವರ ಮುಖ ಸಣ್ಣದಾಯಿತು. ಅವರ ಪುಸ್ತಕದಲ್ಲಿ ಇದು ಇರಲಿಕ್ಕಿಲ್ಲ. ಆಮೇಲೆ ಅವರೇ ಕೂತು ಒಂದು ಚೀಟಿ ಬರೆದು, ಮೂಲೆಗೆ ಪೆನ್ನಿನಿಂದ ಬೊಟ್ಟು ಇಟ್ಟರು.

"ಪೆನ್ನಿಂದು ನಡೆಯಂಗಿಲ್ಲ ಮೇಡಂ" ಎಂದಳು ಸಖೂಬಾಯಿ. "ಕಾಡಿಗೀದೇ ಬೇಕು."

ಮೇಡಂ ಕಿರುಬೆರಳು ಚಾಚಿದರು.

ಆ ತಿಂಗಳು ಹೇಗೆ ಹೋಯಿತೋ ನನಗೆ ಗೊತ್ತಾಗಲಿಲ್ಲ. ಬೆಳಗ್ಗೆ ಎದ್ದರೆ ಬಸ್ಸಿಗೆ ಯಾವಾಗ ಹೋದೇನು ಎನ್ನಿಸುತ್ತಿತ್ತು. ಕೂದಲೆಳೆಯ ಸೀಳು ಹುಡುಕುವ ಕಣ್ಣು ಒಳ್ಳೆಯದನ್ನೂ ಅಷ್ಟೇ ಸಣ್ಣದಾಗಿ ಹುಡುಕಬಲ್ಲದು ಎಂದು ನನಗೆ ತಿಳಿದಿರಲೇ ಇಲ್ಲ. ಒಬ್ಬಳು ಕೆಟ್ಟ ರಿಂಗನ್ನು ಕೆಂಪು ಡಬ್ಬಿಗೆ ಎಸೆಯುವುದಿಲ್ಲ, ಇಡುತ್ತಾಳೆ. ಅದರಿಂದ ಮೇಜು ಅಲುಗುವುದಿಲ್ಲ. ಒಬ್ಬಳು ಕಣ್ಣು ದಣಿದಾಗ ಯಾರಿಗೂ ತಿಳಿಯದಂತೆ ಕಿಟಕಿಯಾಚೆಯ ಬೇವಿನಮರವನ್ನು ಹತ್ತು ಎಣಿಸುವವರೆಗೆ ನೋಡಿ ಮತ್ತೆ ಕೆಲಸಕ್ಕೆ ಇಳಿಯುತ್ತಾಳೆ. ಇವನ್ನು ಬರೆದ ಮರುದಿನ ಇಡೀ ಮೇಜು ಬೇವಿನಮರ ನೋಡುತ್ತಿತ್ತು. ಮಂಗಲ ಕೈ ವಾಸಿಯಾಗಿ ಬಂದ ಮೇಲೆ ಮೇಡಂ ಅವಳ ಬೆರಳಿನ ವಿದ್ಯೆಯನ್ನು ಎಲ್ಲರಿಗೂ ಕಲಿಸಲು ಹೇಳಿದರು. ಅವಳು ಮಾಸ್ತರರಂತೆ ಸೊಂಟಕ್ಕೆ ಸೆರಗು ಕಟ್ಟಿ ನಮ್ಮ ಬೆರಳು ಹಿಡಿದು ಹಿಡಿದು ಕಲಿಸಿದಳು. ಕೆಟ್ಟ ರಿಂಗು ದಾಟುವುದು ಕಡಿಮೆಯಾಗಿ ಪವಾರ್ ಸಾಹೇಬರ ಪುಸ್ತಕಕ್ಕೆ ಕೆಲಸ ಕಡಿಮೆಯಾಯಿತು. ಅವರು ಅದನ್ನು ಮಡಚಿ ಗಾಳಿ ಬೀಸಿಕೊಳ್ಳುವುದನ್ನು ನಾವು ಮೊದಲ ಬಾರಿ ಕಂಡೆವು.

ಮನೆಯಲ್ಲೂ ಶುರುಮಾಡಿದೆ. ನಿಮ್ಮ ಅಪ್ಪನ ಭೂಮಿತಿ, ಅಂದರೆ ರೇಖಾಗಣಿತದ, ಪುಸ್ತಕ ತೆಗೆದು, "ನಿನ್ನ ಗೆರಿ ಎಷ್ಟು ನೆಟ್ಟಗ ಬರ್ತಾವ ಬಸೂ" ಎಂದು ಹೇಳಿ, ಅವನ ಕಿವಿಯ ಹಿಂದೆ ಬೊಟ್ಟು ಇಟ್ಟೆ. ಮೀಸೆ ಮೂಡುತ್ತಿದ್ದ ಹುಡುಗ. "ಆಯೀ, ಶಾಳೇತ್ ಹಸತೀಲ್" ಎಂದು, ಶಾಲೆಯಲ್ಲಿ ನಗುತ್ತಾರೆ ಎಂದು ಒರೆಸಿಕೊಂಡ. ಆದರೆ ಅಂದು ಅವನಾಗಿಯೇ ಇನ್ನೂ ನಾಲ್ಕು ಆಕೃತಿ ಬಿಡಿಸಿದ. ಇದನ್ನು ಅವನು ಹಾರಿಸಿ ಓದಿದರೆ ಕೇಳಿ.

ನನ್ನ ವರ್ಷ ಮುಗಿಯುವ ವಾರ ಬಂತು. ಒಂದು ಮಧ್ಯಾಹ್ನ ಪವಾರ್ ಸಾಹೇಬರು, "ಊಟ ಆದ ಮ್ಯಾಲೆ ಮ್ಯಾನೇಜರ್ ಸಾಹೇಬ್ರ ಕ್ಯಾಬಿನಿಗಿ ಬರ್ರಿ" ಎಂದು ಹೋದರು. ಅರ್ಧ ರೊಟ್ಟಿಯನ್ನು ಡಬ್ಬಿಗೇ ಹಾಕಿ ಮುಚ್ಚಿದೆ. ಕೈ ತೊಳೆಯಲು ನಳಕ್ಕೆ ಹೋದವಳು, ಆ ತಿಂಗಳಿನಲ್ಲಿ ಮೊದಲ ಬಾರಿ, ಹಲಗೆಯ ಮೇಲೆ ನನ್ನ ಹೆಸರು ಹುಡುಕಿದೆ. ಮೇಲಿನಿಂದ ಕೆಳಗೆ, ಆಮೇಲೆ ಗೋಡೆಯ ಮೇಲೆ. ಚೀಟಿ ಎತ್ತಿ ಕೆಳಗಿನ ಚೀಟಿಯನ್ನೂ ನೋಡಿದೆ. ಎಲ್ಲರ ಹೆಸರೂ ಇತ್ತು. ಗಿರಿಜಾ ಎಂಬ ಹೆಸರು ಒಂದೂ ಇರಲಿಲ್ಲ.

ಅಲ್ಲಿ ನಿಂತಾಗ ನನಗೆ ಅಳು ಬರಲಿಲ್ಲ, ಆಶ್ಚರ್ಯವಾಯಿತು. ವರ್ಷವಿಡೀ ಭುಜಕ್ಕೆ ಭುಜ ತಾಗಿಸಿ ಕೂತಿದ್ದೇನೆ. ಇವರಿಗೆ ನಾನು ಕಾಣಲೇ ಇಲ್ಲವೇ?

ಕ್ಯಾಬಿನಿನಲ್ಲಿ ಮ್ಯಾನೇಜರ್ ದೇಶಮುಖ್ ಸಾಹೇಬರು, ಅವರ ಎಡಕ್ಕೆ ಪವಾರ್, ಬಲಕ್ಕೆ ಜೋಶಿ ಮೇಡಂ. ಮೇಡಂ ಮುಖ ಎತ್ತುತ್ತಿರಲಿಲ್ಲ. ಸಾಹೇಬರು ಹಾಳೆ ನೋಡಿ, ಕನ್ನಡಕ ತೆಗೆದು, ಮತ್ತೆ ನೋಡಿದರು.

"ಗಿರಿಜಾಬಾಯಿ, ನೀವು ಬರದಿದ್ದು ಎಲ್ಲರಕಿಂತ ಜಾಸ್ತಿ ಅದ. ಆದರ ನಿಮ್ಮ ಬಗ್ಗೆ ಒಬ್ಬರೂ ಒಂದೂ ಬರದಿಲ್ಲ. ಹಿಂಗ್ಯಾಕ?"

ಪವಾರ್ ಸಾಹೇಬರು ಎದ್ದು, "ಮೇಜಿನವರನ್ನೇ ಕೇಳೋಣ" ಎಂದು ಹೋಗಿ ಮಂಗಲಳನ್ನು ಕರೆತಂದರು. ಅವಳು ಒಳಗೆ ಬಂದು ಪ್ರಶ್ನೆ ಕೇಳಿ, ಇದೆಂಥ ಮಾತು ಎಂಬಂತೆ ಸಾಹೇಬರನ್ನು ನೋಡಿದಳು.

"ಅಕ್ಕನ ಕಾಗದ ಇನ್ನ ಆಗಿಲ್ಲಲ್ರಿ ಸಾಹೇಬ್. ಕೆಲಸ ತೂಗಾಡ್ಲಾಕತ್ತಾಗ ಹೊಗಳ್ತಾರೇನು? ಹೊಟ್ಟೀಲಿದ್ದಾಕಿ ಸುದ್ದಿ ಸುರುವಿಗೇ ಊರಿಗಿ ಹೇಳ್ತಾರೇನು? ನಾವು ಏಳೂ ಮಂದಿ ಬಸ್ಸಿನಾಗ ಮಾತಾಡಿಕೊಂಡೀವಿ. ಯಾರೂ ಈಕಿ ಹೆಸರು ಎತ್ತಬಾರದು ಅಂತ. ನಜರ್ ತಾಗಿದ್ರ?"

"ಬೊಟ್ಟು ಇಡ್ತಿದ್ರಿ ಅಲಾ?" ಎಂದರು ಮೇಡಂ, ಅಳುವ ದನಿಯಲ್ಲಿ.

"ಸಣ್ಣ ಸಣ್ಣ ಮಾತಿಗಿ ಬೊಟ್ಟು ಸಾಕು ಮೇಡಂ. ಇದು ಹೊಟ್ಟಿ ಪ್ರಶ್ನೆ."

ಒಂದು ತಿಂಗಳು ಏಳು ಹೆಂಗಸರು ನನ್ನನ್ನು ಕಾಯಲು ಬಾಯಿ ಕಟ್ಟಿಕೊಂಡಿದ್ದರು. ಮಾತೇ ಉಸಿರಾಗಿದ್ದ ಮಂಗಲ ಕೂಡ. ಕಾಯಲು ಹೋಗಿ ನನ್ನನ್ನು ಬಾಗಿಲವರೆಗೆ ತಂದು ನಿಲ್ಲಿಸಿದ್ದರು.

ದೇಶಮುಖ್ ಸಾಹೇಬರು ಗಂಭೀರವಾಗಿರಲು ನೋಡುತ್ತಿದ್ದರು. ಅವರ ಕಾರಿನ ಮುಂದೂ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತಿದ್ದದ್ದನ್ನು ನಾವೆಲ್ಲ ಕಂಡವರೇ. "ಆಯ್ತು" ಎಂದರು. "ಈಗ ಹೇಳ್ರಿ, ನಾ ಬರ್ಕೋತೀನಿ."

"ಈಗ ಹ್ಯಾಂಗ್ ಹೇಳ್ಲಿ ಸಾಹೇಬ್? ಕಾಗದ ಕೈಗಿ ಬಂದಿಲ್ಲ."

"ನೀವು ಹೇಳದ ನಾ ಕಾಗದ ಹ್ಯಾಂಗ್ ಕೊಡ್ಲಿ?"

"ಕೊಟ್ಟು ನೋಡ್ರಿ. ಆಮ್ಯಾಲೆ ಸಾಕು ಅನ್ನೂತನ ಹೇಳ್ತೀವಿ."

ಸಾಹೇಬರು ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿದರು. "ಹಂಗಾದ್ರ ಗಿರಿಜಾಬಾಯಿ, ನೀವೇ ಹೇಳ್ರಿ. ನಿಮ್ಮ ಕೆಲಸದಾಗ ಚಲೋ ಏನದ?"

ಸಾಹೇಬರ ಬೆನ್ನ ಹಿಂದೆ ನಿಂತ ಮಂಗಲ ತಲೆ ಅಲ್ಲಾಡಿಸಿ, ಕಣ್ಣು ದೊಡ್ಡದು ಮಾಡಿ, ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದಳು. ಅವಳ ಭಯ ನನಗೂ ಇತ್ತು. ಬೇರೆಯವರನ್ನು ಹೊಗಳುವುದೇ ಅಷ್ಟು. ಇದು ನನ್ನ ಬಾಯಿಯಿಂದ ನನ್ನದೇ. ಅದೂ ಇವತ್ತು, ಈ ಹಾಳೆಯ ಮುಂದೆ. ಸುಮ್ಮನಿದ್ದರೆ ನಿಮ್ಮ ಅಪ್ಪನ ಶಾಲೆಯ ಚೀಲ ಭಾಲ್ಕಿಯ ಬಸ್ಸು ಹತ್ತುತ್ತದೆ. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡೆ. ವರ್ಷವೆಲ್ಲ ನಾನು ಏನು ಮಾಡಿದ್ದೆ ಎಂದು, ಮಂಗಲಳ ಕೈಗಳನ್ನು ನೋಡಿದ ಹಾಗೆ, ನನ್ನ ಕೈಗಳನ್ನು ನೋಡಿಕೊಂಡೆ. ಬಾಯಿಗೆ ಬಂದದ್ದು ಹೇಳಿದೆ.

"ನಾ ನೋಡಿದ ರಿಂಗ್ ಮತ್ತೊಬ್ಬರು ನೋಡೂದು ಬೇಕಾಗಂಗಿಲ್ರಿ ಸಾಹೇಬ್ರ."

ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ತಿಳಿಯಿತು, ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಹೊಗಳಿಕೊಳ್ಳುವುದೇ ಕಷ್ಟ, ಅದನ್ನು ಎರಡು ಭಾಷೆಯಲ್ಲಿ ಮಾಡಬೇಕಾಯಿತು. ಮರಾಠಿಯಲ್ಲಿ ಹೇಳುವಾಗ ನನ್ನ ದನಿ ಮೊದಲಿಗಿಂತ ಗಟ್ಟಿಯಾಗಿತ್ತು.

ಸಾಹೇಬರು ಪವಾರರನ್ನು ನೋಡಿದರು. "ಖರೇ ಏನ್ರಿ?"

ಪವಾರ್ ಸಾಹೇಬರು ಕಂಕುಳ ಪುಸ್ತಕವನ್ನು ಮೇಜಿನ ಮೇಲಿಟ್ಟರು, ತೆರೆಯಲಿಲ್ಲ. ಕೆಮ್ಮಿದರು. "ಎಲ್ಲರ ಟ್ರೇ ತೆಗೆದು ಮತ್ತೊಮ್ಮೆ ನೋಡೂದು ನನ್ನ ಕೆಲಸ ಸಾಹೇಬ್. ಇವರ ಟ್ರೇ ನೋಡೂದು ಬಿಟ್ಟು ನಾಲ್ಕು ತಿಂಗಳಾಯ್ತು." ಪುಸ್ತಕವನ್ನು ನೆಟ್ಟಗೆ ಸರಿಸುತ್ತ, "ಯಾರಿಗೂ ಹೇಳಿರಲಿಲ್ಲ" ಎಂದರು.

"ನೀವೂ ನಜರ್ ತಾಗ್ತದಂತ ಸುಮ್ಮನಿದ್ರೇನು?"

"ಇಲ್ಲ ಸಾಹೇಬ್. ನೀವು ಬೈತೀರಿ ಅಂತ."

ಸಾಹೇಬರು ಪೆನ್ನು ಎತ್ತಿದರು. ಸಹಿ ಮಾಡುವ ಸದ್ದನ್ನು ನಾನು ಕೇಳಿದೆ. ಕಾಗದ ನನ್ನ ಕೈಗೆ ಬಂದದ್ದೇ ತಡ, ಮಂಗಲ ಸಾಹೇಬರ ಮುಂದಿನ ಕುರ್ಚಿ ಎಳೆದು ಕೂತು, "ಈಗ ಬರ್ಕೋರಿ" ಎಂದು ಶುರುಮಾಡಿದಳು. ಅವಳು ಏನೇನು ಹೇಳಿದಳು ಎಂದು ಇಲ್ಲಿ ಬರೆಯುವುದಿಲ್ಲ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಅವಳು ಮುಗಿಸುವಷ್ಟರಲ್ಲಿ ಉಳಿದ ಆರು ಜನವೂ ಬಾಗಿಲಲ್ಲಿದ್ದರು, ಮೇಡಂ ಬರೆದುಕೊಂಡು ಬರೆದುಕೊಂಡು ಹಾಳೆ ತಿರುವಿದ್ದರು.

ಮನೆಗೆ ಬಂದು ಕಾಗದವನ್ನು ನಿಮ್ಮ ಅಪ್ಪನ ಕೈಗೆ ಕೊಟ್ಟೆ. ಅವನು ಓದಿ, "ಇದರಾಗೇನು ವಿಶೇಷ, ನೀ ಕಾಯಂ ಇದ್ದೀ ಅಂತಾನೇ ತಿಳಿದಿದ್ದೆ" ಎಂದು ಆಡಲು ಓಡಿದ. ನಾನು ಒಬ್ಬಳೇ ಕೂತೆ. ನನ್ನನ್ನು ನಾನೇ ಹೊಗಳಿಕೊಂಡಿದ್ದೆ, ಎರಡು ಭಾಷೆಯಲ್ಲಿ, ಮೂವರು ಅಧಿಕಾರಿಗಳ ಮುಂದೆ, ಬೊಟ್ಟಿಲ್ಲದೆ. ಈಗ ಆಗುವುದು ಆಗಲಿ ಎಂದು ಕಾದೆ. ಜ್ವರ ಬರಬಹುದು, ಕಾಲು ಜಾರಬಹುದು. ಅಂದು ಬಚ್ಚಲಿಗೆ ಗೋಡೆ ಹಿಡಿದೇ ಹೋದೆ.

ಬೆಳಗ್ಗೆ ಎದ್ದು ಮೊದಲು ಹಣೆ ಮುಟ್ಟಿ ನೋಡಿಕೊಂಡೆ. ಬೆಚ್ಚಗಿರಲಿಲ್ಲ. ಕೈಕಾಲು ಆಡಿಸಿದೆ, ಎಲ್ಲ ಸರಿಯಾಗಿದ್ದವು. ಹಸಿವು ಮಾತ್ರ ಭಾರೀ ಆಗಿತ್ತು. ಎರಡು ರೊಟ್ಟಿ ತಿನ್ನುವವಳು ಮೂರು ತಿಂದು, ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಬಸ್ಸಿಗೆ ಓಡಿದೆ.